ಮನೆಯ ಹಿರಿಯರಿಗೆ ಯಾರ ನೆರವು ಕೇಳಬೇಕು: ಮಂಗಳೂರು, ಉಡುಪಿಯ ಸ್ವಯಂಸೇವಾ ವ್ಯವಸ್ಥೆಗಳ ಹೋಲಿಕೆ

ವಯಸ್ಸಾದ ತಂದೆ ತಾಯಿ, ಅಂಗವೈಕಲ್ಯವುಳ್ಳ ವಯಸ್ಕ ಮಗ ಅಥವಾ ತಂಗಿ, ಅವರನ್ನು ಹಗಲಿರುಳು ನೋಡಿಕೊಳ್ಳುವ ಇನ್ನೊಬ್ಬರು ಇರುವ ಮನೆಗಳು ಕರಾವಳಿಯಲ್ಲಿ ಈಗ ಅಪರೂಪವಲ್ಲ. ಮಕ್ಕಳು ಮುಂಬಯಿಗೋ ಬೆಂಗಳೂರಿಗೋ ಗಲ್ಫಿಗೋ ಹೋಗಿ ನೆಲೆಸಿದ ಮೇಲೆ ಬಿಜೈಯ ಫ್ಲಾಟಿನಲ್ಲೂ ಶಿರ್ವದ ತೋಟದ ಮನೆಯಲ್ಲೂ ಉಳಿದಿರುವವರು ಹೆಚ್ಚಾಗಿ ಇಬ್ಬರು, ಕೆಲವು ಕಡೆ ಒಬ್ಬರೇ. ಸಂಬಳ ಕೊಟ್ಟು ಹೋಂ ನರ್ಸನ್ನು ಇಟ್ಟುಕೊಳ್ಳುವ ಶಕ್ತಿ ಎಲ್ಲರಿಗೂ ಇಲ್ಲ, ಎಲ್ಲ ಮನೆಗೂ ಅದರ ಅಗತ್ಯವೂ ಇಲ್ಲ. ಸಂಬಳವಿಲ್ಲದೆ ಬಂದು ಕೈಜೋಡಿಸುವವರು ಮಾತ್ರ ನಮ್ಮಲ್ಲಿ ಹಲವು ಬಗೆಯವರಿದ್ದಾರೆ. ಪಕ್ಕದ ಮನೆಯವರು, ಚರ್ಚು ಮಸೀದಿ ಭಜನಾ ಮಂದಿರಗಳ ಸೇವಾ ಕೂಟಗಳು, ಕಾಲೇಜು ವಿದ್ಯಾರ್ಥಿಗಳು, ಆಸ್ಪತ್ರೆಗಳಿಗೆ ಹೊಂದಿಕೊಂಡಿರುವ ಪ್ಯಾಲಿಯೇಟಿವ್ (ದೀರ್ಘ ಕಾಯಿಲೆಯವರ ನೋವು, ಸಂಕಟ ತಗ್ಗಿಸುವ) ಆರೈಕೆಯ ತಂಡಗಳು, ಇವರ ಜೊತೆಗೆ ಗೌರವಧನದ ಮೇಲೆ ದುಡಿಯುವ ಸರ್ಕಾರದ ಕಾರ್ಯಕರ್ತರು. ಇವರಲ್ಲಿ ಯಾರನ್ನು ಯಾವ ಕೆಲಸಕ್ಕೆ ಕೇಳಬೇಕು, ಯಾವುದಕ್ಕೆ ಕೇಳಬಾರದು ಎನ್ನುವುದನ್ನು ಹೋಲಿಸಿ ನೋಡುವುದು ಈ ಬರಹದ ಉದ್ದೇಶ.

ಮೊದಲು ಗಡಿಯಾರ, ಆಮೇಲೆ ಸಂಸ್ಥೆ

ಹೆಚ್ಚಿನವರು ಸಂಸ್ಥೆಯ ಹೆಸರನ್ನು ನೋಡಿ ಆರಿಸುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಮೊದಲು ದಿನದ ಯಾವ ಹೊತ್ತಿನಲ್ಲಿ ಮನೆಯಲ್ಲಿ ಆಳಿಲ್ಲದೆ ಕಷ್ಟವಾಗುತ್ತಿದೆ ಎಂಬುದನ್ನು ಬರೆದಿಡಬೇಕು. ಒಂದು ವಾರ ಹೀಗೆ ಬರೆದು ನೋಡಿದರೆ ಕೊರತೆ ತಾನಾಗಿ ಕಾಣಿಸುತ್ತದೆ. ಒಬ್ಬರೇ ಇದ್ದು ಓಡಾಡಿಕೊಂಡಿರುವ ಹಿರಿಯರಿಗೆ ಬೇಕಾಗಿರುವುದು ಬೆಳಗ್ಗೆ ಬಾಗಿಲು ತೆರೆಯಿತೇ ಎಂದು ಗಮನಿಸುವವರು, ಔಷಧದ ಅಂಗಡಿಗೆ ಹೋಗಿ ಬರುವವರು, ಸಂಜೆ ಹತ್ತು ನಿಮಿಷ ಕೂತು ಮಾತಾಡುವವರು. ಪಾರ್ಶ್ವವಾಯು ಬಡಿದು ಹಾಸಿಗೆ ಹಿಡಿದವರಿಗೆ ಬೇಕಾಗಿರುವುದು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಲು, ಮೈ ಒರೆಸಲು, ಬೆನ್ನಿನಲ್ಲಿ ಹುಣ್ಣು ಆರಂಭವಾಗಿದೆಯೇ ಎಂದು ಗುರುತಿಸಲು ತಿಳಿದಿರುವ ಕೈ. ಬೌದ್ಧಿಕ ಅಸಾಮರ್ಥ್ಯವುಳ್ಳ ಮೂವತ್ತೈದರ ಯುವಕನಿಗೆ ಬೇಕಾಗಿರುವುದು ಹಗಲು ಹೋಗಲು ಒಂದು ಜಾಗ, ಮಾಡಲು ಒಂದು ಕೆಲಸ, ತನ್ನದೇ ಆದ ಗೆಳೆಯರು.

ಇವರೆಲ್ಲರನ್ನೂ ನೋಡಿಕೊಳ್ಳುತ್ತಿರುವವರ ಅಗತ್ಯವೇ ಬೇರೆ. ವಾರಕ್ಕೆ ಮೂರು ಗಂಟೆ ಮನೆಯಿಂದ ಹೊರಗೆ ಹೋಗಿ ಬರುವ ಬಿಡುವು, ತನ್ನ ಮಂಡಿನೋವನ್ನು ಡಾಕ್ಟರರಿಗೆ ತೋರಿಸಿಕೊಳ್ಳುವ ಸಮಯ, ಬಂಧುಗಳ ಮದುವೆಗೆ ಹೋಗಿ ಊಟ ಮುಗಿಸಿ ಬರುವಷ್ಟು ಹೊತ್ತು ಅವರಿಗೆ ಸಿಕ್ಕಬೇಕು. ನೆರವು ಕೇಳುವಾಗ ಬಿಟ್ಟುಹೋಗುವುದು ಈ ವ್ಯಕ್ತಿಯ ಹೆಸರೇ. ಅತ್ತೆಯನ್ನು ನೋಡಲು ಬಂದ ನಾಲ್ಕು ಜನಕ್ಕೆ ಸೊಸೆ ಚಹಾ ಮಾಡಿ, ಬಿಸ್ಕೆಟ್ ಇಟ್ಟು, ಕಾಯಿಲೆಯ ಕತೆಯನ್ನು ಮೊದಲಿನಿಂದ ಹೇಳಿ, ಅವರು ಹೋದ ಮೇಲೆ ಲೋಟ ತೊಳೆಯುವಂತಾದರೆ ಆ ಭೇಟಿಯಿಂದ ಆ ಮನೆಯ ಕೆಲಸ ಹೆಚ್ಚಿತೇ ಹೊರತು ಕಡಿಮೆಯಾಗಲಿಲ್ಲ. ಆದುದರಿಂದ ಯಾವುದೇ ವ್ಯವಸ್ಥೆಯನ್ನು ಅಳೆಯುವಾಗ, ಇವರು ಬಂದಾಗ ನೋಡಿಕೊಳ್ಳುವವರು ಮನೆಯಿಂದ ಹೊರಗೆ ಹೋಗಬಹುದೇ ಎಂಬ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಬೇಕು.

ಹೋಲಿಕೆಯ ಸೂತ್ರವನ್ನು ಮೊದಲೇ ಹೇಳಿಬಿಡುತ್ತೇನೆ. ದಿನನಿತ್ಯದ ಕೆಲಸಕ್ಕೆ ನಡೆದು ಬರುವಷ್ಟು ಹತ್ತಿರ ಇರುವವರೇ ಸರಿ, ಅವರಿಗೆ ತರಬೇತಿ ಇಲ್ಲದಿದ್ದರೂ ನಡೆಯುತ್ತದೆ. ಮೈ ಮುಟ್ಟಿ ಮಾಡುವ ಆರೈಕೆಗೆ ತರಬೇತಿ ಇರುವವರೇ ಬೇಕು, ಅವರು ದೂರದಿಂದ ವಾರಕ್ಕೊಮ್ಮೆ ಬಂದರೂ ಸರಿ. ಅರ್ಜಿ, ಪಿಂಚಣಿ, ಬ್ಯಾಂಕಿನಂಥ ಕೆಲಸಗಳಿಗೆ ಹತ್ತಿರವೂ ಬೇಡ, ವೈದ್ಯಕೀಯ ತರಬೇತಿಯೂ ಬೇಡ, ಕಚೇರಿಯ ಬಾಗಿಲು ಗೊತ್ತಿರಬೇಕು. ಕೂಡಿಬರದ ವ್ಯವಸ್ಥೆಗಳನ್ನು ಗಮನಿಸಿದರೆ ಹೆಚ್ಚಿನವುಗಳಲ್ಲಿ ಒಬ್ಬರು ಮಾಡಬೇಕಾದ ಕೆಲಸಕ್ಕೆ ಇನ್ನೊಬ್ಬರನ್ನು ಕೇಳಿರುವುದು ಕಾಣುತ್ತದೆ.

ನೆರೆಕರೆ

ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಿನಲ್ಲಿ ಹತ್ತಿರ ಎಂಬುದಕ್ಕೆ ಬೇರೆಯದೇ ಬೆಲೆ ಇದೆ. ಆಟಿಯ ಮಳೆಗೆ ಕರೆಂಟು ಹೋಗಿ, ಫೋನಿನ ಚಾರ್ಜ್ ಮುಗಿದು, ಅಂಗಳದ ಕೆಂಪುಕಲ್ಲಿನ ಮೆಟ್ಟಿಲಿನ ಮೇಲೆ ಪಾಚಿ ಕಟ್ಟಿರುವಾಗ ಐದು ಕಿಲೋಮೀಟರ್ ದೂರದ ಉತ್ತಮ ಸಂಸ್ಥೆಗಿಂತ ಪಾಗಾರದ ಆಚೆಗಿನ ಸಾಧಾರಣ ಮನೆಯವರೇ ಮೇಲು. ಒಬ್ಬರೇ ಇರುವ, ಇನ್ನೂ ತಮ್ಮ ಕೆಲಸ ತಾವು ಮಾಡಿಕೊಳ್ಳುವ ಹಿರಿಯರಿಗೆ ನಾನು ಮೊದಲ ಆಯ್ಕೆಯಾಗಿ ಸೂಚಿಸುವುದು ನೆರೆಕರೆಯನ್ನೇ.

ಆದರೆ ಅದರ ದೌರ್ಬಲ್ಯವೂ ದೊಡ್ಡದು. ಪಕ್ಕದ ಮನೆಯವರು ನೋಡಿಕೊಳ್ಳುತ್ತಾರೆ ಎಂದು ಎಲ್ಲರೂ ಹೇಳುತ್ತಾರೆ, ಯಾವ ಪಕ್ಕದವರು ಎಂದು ಯಾರೂ ನಿಗದಿ ಮಾಡಿರುವುದಿಲ್ಲ. ಆಸ್ಪತ್ರೆಯಿಂದ ಮನೆಗೆ ಬಂದ ಮೊದಲ ಹದಿನೈದು ದಿನ ಪಾತ್ರೆಗಟ್ಟಲೆ ಸಾರು ಪಲ್ಯ ಬರುತ್ತದೆ, ಎರಡನೆಯ ತಿಂಗಳಿಗೆ ಬಾಗಿಲು ತಟ್ಟುವವರಿರುವುದಿಲ್ಲ. ಕೇಳಲು ಸಂಕೋಚ, ಕೇಳಿದರೆ ಋಣದ ಭಾರ, ಮನೆಯ ಒಳಗಿನ ವಿಷಯ ಓಣಿಗೆಲ್ಲ ಗೊತ್ತಾಗುವ ಭಯ, ಇವು ಮೂರೂ ನಿಜವಾದ ಅಡ್ಡಿಗಳು. ಮೂತ್ರ ಹಿಡಿತ ತಪ್ಪಿದವರು, ಮರೆವಿನ ಕಾಯಿಲೆಯವರು, ಮಾನಸಿಕ ಅಸ್ವಸ್ಥತೆ ಇರುವ ವಯಸ್ಕರು ಇರುವ ಮನೆಗಳು ನೆರೆಕರೆಯಿಂದ ದೂರ ಉಳಿಯುವುದಕ್ಕೆ ಮೂರನೆಯದೇ ಮುಖ್ಯ ಕಾರಣ.

ಈ ವ್ಯವಸ್ಥೆ ನಿಲ್ಲಬೇಕಾದರೆ ಅದನ್ನು ಸ್ವಲ್ಪ ಬಿಗಿ ಮಾಡಬೇಕಾಗುತ್ತದೆ. ನಾಲ್ಕೈದು ಮನೆಗಳು ಸೇರಿ ವಾರದ ಒಂದೊಂದು ದಿನವನ್ನು ಒಂದೊಂದು ಮನೆಗೆ ಒಪ್ಪಿಸಿಕೊಂಡು, ಬರಲಾಗದ ದಿನ ಇನ್ನೊಬ್ಬರಿಗೆ ಹೇಳುವ ಹೊಣೆ ಆ ಮನೆಯದೇ ಎಂದು ಮಾತಾಡಿಕೊಂಡರೆ ಸಾಕು. ವಾಟ್ಸಾಪ್ ಗುಂಪು ಬೇಕಿದ್ದರೆ ಇರಲಿ, ಅದರ ಮೇಲೆ ನನಗೆ ಹೆಚ್ಚಿನ ನಂಬಿಕೆಯಿಲ್ಲ, ಏಕೆಂದರೆ ಗುಂಪಿಗೆ ಬಂದ ಸಂದೇಶ ಎಲ್ಲರದ್ದೂ ಆಗಿ ಕೊನೆಗೆ ಯಾರದ್ದೂ ಆಗದೆ ಹೋಗುತ್ತದೆ. ಅದಕ್ಕಿಂತ ಉಪಯುಕ್ತವಾದದ್ದು ಗೋಡೆಯ ಕ್ಯಾಲೆಂಡರಿನ ಮೊಳೆಗೇ ದಾರ ಕಟ್ಟಿ ತೂಗುಹಾಕಿದ ನೂರು ಪುಟದ ಒಂದು ಪುಸ್ತಕ. ಬಂದವರು ತಾರೀಖು ಹಾಕಿ ಎರಡು ಸಾಲು ಬರೆದು ಹೋಗುತ್ತಾರೆ: ‘ಗಂಜಿ ಅರ್ಧ ಬಟ್ಟಲು. ಬಿ.ಪಿ. ಮಾತ್ರೆ ಆಯಿತು. ಬಚ್ಚಲಿನ ಬಲ್ಬು ಹೋಗಿದೆ.’ ‘ಎಡಗಾಲು ಬಾತಿದೆ, ನಿನ್ನೆಗಿಂತ ಹೆಚ್ಚು.’ ಮರುದಿನ ಬಂದವರು ಅದನ್ನು ಓದಿಯೇ ಕೆಲಸ ಆರಂಭಿಸುತ್ತಾರೆ, ತಿಂಗಳಿಗೊಮ್ಮೆ ಬರುವ ಮಗಳು ಅದನ್ನೇ ಡಾಕ್ಟರರಿಗೆ ತೋರಿಸಬಹುದು. ಬಾಗಿಲಿನ ಹಿಂಬದಿಗೆ ಮೂರು ಫೋನ್ ನಂಬರುಗಳು ದೊಡ್ಡ ಅಕ್ಷರದಲ್ಲಿ, ಒಂದು ಹೆಚ್ಚುವರಿ ಬೀಗದ ಕೈ ಒಂದೇ ಒಂದು ನಿಗದಿತ ಮನೆಯಲ್ಲಿ, ಇಷ್ಟು ಇರಲೇಬೇಕು. ಒಳಗಿನಿಂದ ಚಿಲಕ ಹಾಕಿಕೊಂಡು ಮಲಗುವ ಅಭ್ಯಾಸ ಇರುವವರ ಮನೆಯಲ್ಲಿ ಹೊರಗಿನಿಂದಲೂ ತೆರೆಯಬಹುದಾದ ಬೀಗವನ್ನು ಹಾಕಿಸುವುದು ಈ ಎಲ್ಲಕ್ಕಿಂತ ಮೊದಲ ಕೆಲಸ.

ಕದ್ರಿ, ಬೆಂದೂರುವೆಲ್, ಅತ್ತಾವರದ ಅಪಾರ್ಟ್‌ಮೆಂಟ್‌ಗಳಲ್ಲಿ ವಾಚ್‌ಮನ್, ಲಿಫ್ಟ್ ಮತ್ತು ಅಸೋಸಿಯೇಷನ್ ಇರುವುದರಿಂದ ಇದು ಸುಲಭ ಎನಿಸಬಹುದು, ಆದರೆ ಬಾಗಿಲು ಮುಚ್ಚಿದ ಮೇಲೆ ಎದುರಿನ ಫ್ಲಾಟಿನವರಿಗೂ ಏನೂ ಕೇಳಿಸುವುದಿಲ್ಲ. ಬೆಳಗ್ಗೆ ಎಂಟರ ಒಳಗೆ ಹಾಲಿನ ಪ್ಯಾಕೆಟ್ ಒಳಗೆ ಹೋಗದಿದ್ದರೆ ಬೆಲ್ ಮಾಡಬೇಕು ಎಂದು ವಾಚ್‌ಮನ್‌ಗೆ ಹೇಳಿಡುವಂಥ ಸಣ್ಣ ಏರ್ಪಾಟು ಅಲ್ಲಿ ಕೆಲಸಕ್ಕೆ ಬರುತ್ತದೆ. ರಿಕ್ಷಾ ಸ್ಟ್ಯಾಂಡಿನವರನ್ನೂ ನೆರೆಕರೆಯ ಲೆಕ್ಕಕ್ಕೆ ಸೇರಿಸಬೇಕು. ಶಕ್ತಿ ಯೋಜನೆಯಡಿ 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸು ಉಚಿತವಾದರೂ ನಮ್ಮ ಎರಡು ಜಿಲ್ಲೆಗಳಲ್ಲಿ ಹೆಚ್ಚಾಗಿ ಓಡುವುದು ಖಾಸಗಿ ಬಸ್ಸುಗಳೇ, ಅವುಗಳ ಮೆಟ್ಟಿಲು ಹತ್ತುವುದು ಮಂಡಿನೋವಿನವರಿಗೆ ಆಗುವ ಮಾತಲ್ಲ. ಪರಿಚಯದ ಒಬ್ಬ ರಿಕ್ಷಾದವರು ಬಾಡಿಗೆ ಪಡೆದೇ ಬಂದರೂ, ಕೈಹಿಡಿದು ಇಳಿಸಿ ಚೀಟಿ ಮಾಡಿಸುವವರೆಗೆ ನಿಲ್ಲುವವರಾದರೆ ಅವರು ಮಾಡುತ್ತಿರುವುದರಲ್ಲಿ ಅರ್ಧ ಸೇವೆಯೇ.

ಚರ್ಚು, ಜಮಾಅತ್, ಭಜನಾ ಮಂದಿರ, ಸಮುದಾಯದ ಸಂಘ

ನೆರೆಕರೆಗೆ ಇಲ್ಲದ ಎರಡು ಬಲಗಳು ಇವುಗಳಿಗಿವೆ: ಸಣ್ಣದಾದರೂ ಒಂದು ನಿಧಿ, ಮತ್ತು ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ನೇಮಿಸುವ ಪದ್ಧತಿ. ಕೆಥೋಲಿಕ್ ಚರ್ಚುಗಳಲ್ಲಿ ಕೆಲಸ ಮಾಡುವ ಸಂತ ವಿನ್ಸೆಂಟ್ ದಿ ಪಾವ್ಲ್ ಸಭೆ 1833ರಲ್ಲಿ ಪ್ಯಾರಿಸ್‌ನಲ್ಲಿ ಹುಟ್ಟಿದ್ದು, ಬಡವರ ಮನೆಗೆ ಸದಸ್ಯರೇ ಖುದ್ದಾಗಿ ಹೋಗಿ ಕಾಣುವುದನ್ನು ಅದು ಇಂದಿಗೂ ಮುಖ್ಯ ಕರ್ತವ್ಯವೆಂದು ಇಟ್ಟುಕೊಂಡಿದೆ. ಚರ್ಚಿನ ವ್ಯಾಪ್ತಿಯನ್ನು ವಾಡೆಗಳಾಗಿ ವಿಂಗಡಿಸಿ ಒಬ್ಬೊಬ್ಬ ಗುರ್ಕಾರರನ್ನು ಇಟ್ಟಿರುವುದರಿಂದ ಕುಲಶೇಖರದಲ್ಲೋ ಕಲ್ಯಾಣಪುರದಲ್ಲೋ ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆ ಎಂಬ ಮಾಹಿತಿ ಕೇಳುವ ಮೊದಲೇ ಅವರಲ್ಲಿರುತ್ತದೆ. ಹಳ್ಳಿಗಳ ಕಡೆ 1982ರಲ್ಲಿ ಆರಂಭವಾದ ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯ ಸಂಘಗಳ ಜಾಲ ದಟ್ಟವಾಗಿದೆ, ನಿರ್ಗತಿಕರಿಗೆ ಅದರ ಮೂಲಕ ಮಾಸಾಶನವೂ ಸಿಗುತ್ತದೆ. ಜಮಾಅತ್‌ಗಳು, ಬಿಲ್ಲವ, ಬಂಟ, ಮೊಗವೀರ ಮುಂತಾದ ಸಮುದಾಯಗಳ ಸಂಘಗಳು ಚಿಕಿತ್ಸೆಯ ವೆಚ್ಚಕ್ಕೆ, ವೀಲ್‌ಚೇರ್, ವಾಕರ್‌ಗಳಿಗೆ ನೆರವಾಗುವುದು ಸಾಮಾನ್ಯ.

ಒಮ್ಮೆಲೆ ಹಣ ಬೇಕಾದಾಗ, ಸಲಕರಣೆ ಬೇಕಾದಾಗ, ತಿಂಗಳಿಗೊಮ್ಮೆ ಅಕ್ಕಿ ಸಾಮಾನು ಬೇಕಾದಾಗ ಇವುಗಳನ್ನೇ ಕೇಳಬೇಕು. ಪ್ರತಿದಿನದ ಗಂಟೆಗಳನ್ನು ತುಂಬಿಸಲು ಇವು ಅಷ್ಟಾಗಿ ಒದಗುವುದಿಲ್ಲ, ಏಕೆಂದರೆ ಭೇಟಿ ವಾರಕ್ಕೊಮ್ಮೆ ಅಥವಾ ಹಬ್ಬಕ್ಕೊಮ್ಮೆ ಇರುತ್ತದೆ, ಅದೂ ಪ್ರಾರ್ಥನೆ ಮತ್ತು ಕುಶಲ ವಿಚಾರಣೆಯಲ್ಲಿ ಮುಗಿಯುತ್ತದೆ. ಪ್ರಾರ್ಥನೆ ಎಷ್ಟೋ ಹಿರಿಯರಿಗೆ ಔಷಧಕ್ಕಿಂತ ಹೆಚ್ಚಿನ ಸಮಾಧಾನ ಕೊಡುತ್ತದೆ ಎನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಸೊಸೆಗೆ ಬ್ಯಾಂಕಿಗೆ ಹೋಗಿ ಬರಲು ಬೇಕಾದ ಎರಡು ಗಂಟೆ ಅದರಿಂದ ಸಿಗುವುದಿಲ್ಲ. ಕೂಟದವರನ್ನು ಹಾಗೆ ನೇರವಾಗಿ ಕೇಳಿದರೆ ಒಪ್ಪುವವರು ಇದ್ದೇ ಇರುತ್ತಾರೆ, ಕೇಳುವವರು ಕಡಿಮೆ.

ಅನ್ಯಧರ್ಮದವರಿಗೆ, ಅಂತರ್ಜಾತಿ ಮದುವೆಯಾಗಿ ಸಮುದಾಯದಿಂದ ದೂರವಾದವರಿಗೆ, ಬೇರೆ ಊರಿನಿಂದ ಬಂದು ಬಾಡಿಗೆ ಮನೆಯಲ್ಲಿರುವವರಿಗೆ ಈ ಬಾಗಿಲು ಎಷ್ಟು ತೆರೆದಿದೆ ಎಂಬುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಜಾತಿ ಧರ್ಮ ನೋಡದೆ ಮನೆಮನೆಗೆ ಹೋಗುವ ಕೂಟಗಳೂ ನಮ್ಮಲ್ಲಿವೆ, ಸದಸ್ಯತ್ವದ ಪುಸ್ತಕ ನೋಡಿಯೇ ಮಾತಾಡುವವೂ ಇವೆ. ಸಂಕೋಚವಿಲ್ಲದೆ ಮೊದಲೇ ಕೇಳಿ ತಿಳಿಯುವುದು ಒಳ್ಳೆಯದು. ಕಿಟ್ ಕೊಡುವಾಗ ಫೋಟೋ ತೆಗೆದು ಹಂಚುವ ಅಭ್ಯಾಸವಿರುವ ಕಡೆ, ಫೋಟೋ ಬೇಡ ಎಂದು ಹೇಳುವ ಹಕ್ಕು ಪಡೆಯುವವರಿಗೆ ಪೂರ್ತಿಯಾಗಿ ಇದೆ. ಹಾಸಿಗೆಯಲ್ಲಿರುವ ಹೆಂಗಸೊಬ್ಬರ ತಲೆಗೆ ಎಣ್ಣೆ ಹಚ್ಚಿಯೂ ಇಲ್ಲದ ಹೊತ್ತಿನಲ್ಲಿ ಐದಾರು ಜನ ಸುತ್ತ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ಸೇವೆ ಎನ್ನಲು ನನಗೆ ಮನಸ್ಸಾಗುವುದಿಲ್ಲ.

ಕಾಲೇಜಿನ ಮಕ್ಕಳು

ವಿದ್ಯಾರ್ಥಿ ಸ್ವಯಂಸೇವಕರ ವಿಷಯದಲ್ಲಿ ನಮ್ಮ ಎರಡು ಜಿಲ್ಲೆಗಳು ಅದೃಷ್ಟಶಾಲಿಗಳು. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಪ್ರತಿ ವಿದ್ಯಾರ್ಥಿಯೂ ಎರಡು ವರ್ಷಗಳಲ್ಲಿ 240 ಗಂಟೆ ಸಮಾಜಸೇವೆ ಮಾಡಬೇಕೆಂದಿದೆ. ಸಮಾಜಕಾರ್ಯವನ್ನೇ ಕಲಿಸುವ ರೋಶನಿ ನಿಲಯ 1960ರಿಂದ ಮಂಗಳೂರಿನಲ್ಲಿದೆ. ನರ್ಸಿಂಗ್, ಫಿಸಿಯೋಥೆರಪಿ ಕಾಲೇಜುಗಳಂತೂ ಕಂಕನಾಡಿಯಿಂದ ಮಣಿಪಾಲದವರೆಗೆ ಸಾಲಾಗಿವೆ.

ಈ ಮಕ್ಕಳಿಗೆ ಕೊಡಬೇಕಾದದ್ದು ಆದಿ ಅಂತ್ಯ ಇರುವ ಕೆಲಸ. ಪಿಂಚಣಿದಾರರು ನವೆಂಬರಿನಲ್ಲಿ ಕೊಡಬೇಕಾದ ಜೀವನ ಪ್ರಮಾಣಪತ್ರವನ್ನು ಮೊಬೈಲಿನಲ್ಲೇ ಮುಖ ತೋರಿಸಿ ಸಲ್ಲಿಸುವುದು, ಅಂಗವೈಕಲ್ಯದ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ತುಂಬುವುದು, ಬೇಡದ ಆ್ಯಪ್‌ಗಳನ್ನು ತೆಗೆದು ವಿಡಿಯೋ ಕಾಲ್ ಮಾಡಲು ಕಲಿಸುವುದು, ಮನೆಯಲ್ಲಿ ಎಲ್ಲೆಲ್ಲಿ ಜಾರಿ ಬೀಳುವ ಅಪಾಯವಿದೆ ಎಂದು ನೋಡಿ ಪಟ್ಟಿ ಮಾಡುವುದು, ಇವುಗಳನ್ನು ಅವರು ನಮಗಿಂತ ಬೇಗ ಮತ್ತು ಬೇಸರವಿಲ್ಲದೆ ಮಾಡುತ್ತಾರೆ. ಪ್ರತಿ ಮಂಗಳವಾರ ಬರುತ್ತೇವೆ ಎಂಬ ಮಾತನ್ನು ಮಾತ್ರ ನಂಬಿ ಕೂರಬಾರದು. ಆಂತರಿಕ ಪರೀಕ್ಷೆ, ರಜೆ, ಊರಿಗೆ ಹೋಗುವುದು, ಕೊನೆಗೆ ಕೋರ್ಸ್ ಮುಗಿಯುವುದು, ಹೀಗೆ ಅವರ ಕ್ಯಾಲೆಂಡರ್ ಬೇರೆಯೇ ಇದೆ. ಪ್ರೀತಿಯಿಂದ ಹಚ್ಚಿಕೊಂಡ ಹುಡುಗಿ ಮೇ ತಿಂಗಳಲ್ಲಿ ಹೇಳದೆ ನಿಂತುಹೋದರೆ ಒಂಟಿಯಾಗಿರುವ ಅಜ್ಜಿಗೆ ಅದು ಸಣ್ಣ ನೋವಲ್ಲ. ಕಾಲೇಜಿನ ಜೊತೆ ಮಾತಾಡುವಾಗ, ಈ ತಂಡ ಹೋದ ಮೇಲೆ ಮುಂದಿನ ತಂಡವನ್ನು ಹಳಬರೇ ಕರೆತಂದು ಪರಿಚಯಿಸುತ್ತಾರೆಯೇ ಎಂದು ವಿಭಾಗದ ಅಧ್ಯಾಪಕರನ್ನು ಕೇಳಿ ಖಚಿತಪಡಿಸಿಕೊಳ್ಳಿ.

ಭಾಷೆಯ ತೊಡಕನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಇಲ್ಲಿನ ವೃತ್ತಿ ಕಾಲೇಜುಗಳ ಮಕ್ಕಳಲ್ಲಿ ಅನೇಕರು ಕೇರಳ ಮತ್ತು ಈಶಾನ್ಯ ರಾಜ್ಯಗಳವರು, ಅಜ್ಜಿಗೆ ಬರುವುದು ತುಳು ಅಥವಾ ಕೊಂಕಣಿ. ಜೊತೆಗೆ ಬಂದ ಇಬ್ಬರಲ್ಲಿ ಒಬ್ಬರಿಗಾದರೂ ಮನೆಯ ಮಾತು ಬರುವಂತೆ ಕೇಳಿಕೊಳ್ಳುವುದು ತಪ್ಪಲ್ಲ, ಮರೆವಿನ ಕಾಯಿಲೆಯವರ ಮಟ್ಟಿಗಂತೂ ಅದು ಅಗತ್ಯ, ಏಕೆಂದರೆ ಆ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆಗಳು ಮೊದಲು ಹೋಗಿ ಬಾಲ್ಯದ ಮಾತು ಉಳಿಯುವುದುಂಟು.

ಮೈ ಮುಟ್ಟುವ ಆರೈಕೆಗೆ

ಸದುದ್ದೇಶ ಸಾಲದೆ ಹೋಗುವುದು ಇಲ್ಲಿ. ಪಾರ್ಶ್ವವಾಯು ಆದವರನ್ನು ಕುರ್ಚಿಯಿಂದ ಎಬ್ಬಿಸುವಾಗ ನಮಗೆಲ್ಲ ಸಹಜವಾಗಿ ಬರುವುದು ಸೋತ ಬದಿಯ ತೋಳನ್ನು ಹಿಡಿದು ಮೇಲಕ್ಕೆಳೆಯುವುದು. ಆ ಬದಿಯ ಸ್ನಾಯುಗಳಿಗೆ ಬಿಗಿ ಇಲ್ಲದ ಕಾರಣ ಹಾಗೆ ಎಳೆದರೆ ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವು ಉಳಿಯಬಹುದು. ತಿಳಿದವರು ಅವರನ್ನು ಕುರ್ಚಿಯ ಅಂಚಿಗೆ ಸರಿಸಿ, ಪಾದಗಳನ್ನು ನೆಲಕ್ಕೆ ಊರಿಸಿ, ಮುಂದಕ್ಕೆ ಬಾಗಿಸಿ, ಸೊಂಟದ ಬಳಿ ಹಿಡಿದು, ಸೋತ ಬದಿಯ ಮಂಡಿಗೆ ತಮ್ಮ ಮಂಡಿಯನ್ನು ಆನಿಸಿ ಎಬ್ಬಿಸುತ್ತಾರೆ. ಮಲಗಿದ್ದಂತೆಯೇ ಗಂಜಿ ಕುಡಿಸಿದರೆ ಅದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗುವ ಸಾಧ್ಯತೆಯಿದೆ, ಬೆನ್ನಿಗೆ ದಿಂಬು ಕೊಟ್ಟು ಕೂರಿಸಿ ಕುಡಿಸಬೇಕು. ಇವು ಎರಡು ದಿನದಲ್ಲಿ ಕಲಿಯಬಹುದಾದ ವಿಷಯಗಳು, ಆದರೆ ಯಾರಾದರೂ ಕಲಿಸಬೇಕು.

ಅದನ್ನು ಕಲಿಸುವವರು ಪ್ಯಾಲಿಯೇಟಿವ್ ತಂಡಗಳು. ನೆರೆಯ ಕೇರಳದಲ್ಲಿ ಇದು ಆಸ್ಪತ್ರೆಯ ಗೋಡೆ ದಾಟಿ ಊರಿನ ಕೆಲಸವಾಗಿ ಬೆಳೆಯಿತು. 1993ರಲ್ಲಿ ಕಲ್ಲಿಕೋಟೆಯ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾದ ಪ್ರಯತ್ನ 1999ರ ಹೊತ್ತಿಗೆ ಮಲಪ್ಪುರಂ ಕಡೆ ನೆರೆಹೊರೆಯ ಜಾಲವಾಗಿ, ವಾರಕ್ಕೆ ಕೆಲವು ಗಂಟೆ ಕೊಡಬಲ್ಲ ಸಾಮಾನ್ಯ ಜನರಿಗೆ ತರಬೇತಿ ಕೊಟ್ಟು ಅವರನ್ನು ನರ್ಸ್ ಮತ್ತು ವೈದ್ಯರೊಂದಿಗೆ ಮನೆಗಳಿಗೆ ಕಳುಹಿಸುವ ಪದ್ಧತಿಯಾಯಿತು. 2008ರಲ್ಲಿ ಕೇರಳ ಸರ್ಕಾರ ಇದಕ್ಕಾಗಿ ನೀತಿಯನ್ನೇ ಹೊರಡಿಸಿತು. ಕಾಸರಗೋಡಿನ ಗಡಿ ದಾಟಿ ಇತ್ತ ಬಂದರೆ ಅಷ್ಟು ದಟ್ಟವಾದ ಜನಜಾಲ ನಮ್ಮಲ್ಲಿಲ್ಲ, ಇಲ್ಲಿ ಹೆಚ್ಚಿನದು ವೈದ್ಯಕೀಯ ಕಾಲೇಜುಗಳಿಗೂ ಸೇವಾ ಸಂಸ್ಥೆಗಳಿಗೂ ಹೊಂದಿಕೊಂಡೇ ನಡೆಯುತ್ತದೆ.

ಪ್ಯಾಲಿಯೇಟಿವ್ ಎಂದೊಡನೆ ಕೊನೆಯ ದಿನಗಳೆಂದು ಭಾವಿಸಿ ಕೇಳದೆ ಬಿಡುವವರೇ ಹೆಚ್ಚು. ಕ್ಯಾನ್ಸರ್ ಮಾತ್ರವಲ್ಲದೆ ಪಾರ್ಶ್ವವಾಯು, ಪಾರ್ಕಿನ್ಸನ್, ಬೆನ್ನುಹುರಿಯ ಪೆಟ್ಟು, ದೀರ್ಘಕಾಲದ ಕಿಡ್ನಿ ಮತ್ತು ಹೃದಯದ ಕಾಯಿಲೆ ಇರುವವರಿಗೂ, ಚಿಕಿತ್ಸೆ ನಡೆಯುತ್ತಿರುವಾಗಲೇ ಇದು ಸಲ್ಲುತ್ತದೆ. ತಂಡವನ್ನು ಸಂಪರ್ಕಿಸುವಾಗ ನಿಮ್ಮ ಮನೆಯಿರುವ ಕಡೆಗೆ ಅವರ ವಾಹನ ಬರುತ್ತದೆಯೇ, ನರ್ಸ್ ಎಷ್ಟು ದಿನಕ್ಕೊಮ್ಮೆ ಬರುತ್ತಾರೆ, ಮೂತ್ರದ ಟ್ಯೂಬ್ ಬದಲಾಯಿಸುತ್ತಾರೆಯೇ, ರಾತ್ರಿ ಫೋನ್ ಎತ್ತುವವರು ಯಾರು, ಮನೆಯವರಿಗೆ ಕಲಿಸಿಕೊಡುತ್ತಾರೆಯೇ ಎಂದು ಕೇಳಬೇಕು. ಕೊನೆಯ ಪ್ರಶ್ನೆಗೆ ಹೌದೆಂದು ಉತ್ತರಿಸುವ ತಂಡವನ್ನು ಆರಿಸಿ, ಏಕೆಂದರೆ ವಾರದ ಉಳಿದ ಆರು ದಿನ ಆ ಕೆಲಸ ಮಾಡಬೇಕಾದವರು ಮನೆಯವರೇ.

ಇಂಜೆಕ್ಷನ್, ಇನ್ಸುಲಿನ್ ಪ್ರಮಾಣ, ಟ್ಯೂಬ್, ಗಾಯದ ಡ್ರೆಸ್ಸಿಂಗ್ ಇವುಗಳನ್ನು ತರಬೇತಿ ಇಲ್ಲದ ಯಾವ ಸ್ವಯಂಸೇವಕರಿಗೂ, ಅವರೇ ಮುಂದೆ ಬಂದರೂ, ಒಪ್ಪಿಸಬಾರದು. ಸ್ನಾನ ಮಾಡಿಸುವುದು, ಬಟ್ಟೆ ಬದಲಾಯಿಸುವುದು ಯಾರಿಂದ ಎಂಬುದನ್ನು ಆರೈಕೆ ಪಡೆಯುವವರೇ ತೀರ್ಮಾನಿಸಲಿ. ಪ್ರತಿ ರಾತ್ರಿ ಎದ್ದು ನೋಡಬೇಕಾದ ಸ್ಥಿತಿ ಬಂದರೆ ಅದು ಸ್ವಯಂಸೇವೆಯ ಮಿತಿಯನ್ನು ದಾಟಿದ ಕೆಲಸ. ಆಗ ದೂರದಲ್ಲಿರುವ ಮಕ್ಕಳು ಹಣ ಒಟ್ಟುಮಾಡಿ ರಾತ್ರಿಗೆ ಮಾತ್ರವಾದರೂ ಹೋಂ ನರ್ಸನ್ನು ಇಡುವುದು ನ್ಯಾಯ. ಊರಿನವರ ಒಳ್ಳೆಯತನವನ್ನು ಮಕ್ಕಳ ಹೊಣೆಗೆ ಬದಲಿಯಾಗಿ ಬಳಸುವುದನ್ನು ನಾನು ಒಪ್ಪುವುದಿಲ್ಲ.

ಸರ್ಕಾರದ ಕಾರ್ಯಕರ್ತರು

ಇವರನ್ನು ಮನೆಯಲ್ಲಿ ಕೂರಲು ಕೇಳಲಾಗದು, ಕಚೇರಿಯ ದಾರಿ ಕೇಳಬೇಕು. ಗ್ರಾಮ ಪಂಚಾಯತ್‌ಗಳಲ್ಲಿ ಅಂಗವೈಕಲ್ಯವುಳ್ಳವರಿಗಾಗಿಯೇ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ಅಂದರೆ ವಿಆರ್‌ಡಬ್ಲ್ಯು, ಇದ್ದಾರೆ. ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಅಂದರೆ ಎಂಆರ್‌ಡಬ್ಲ್ಯು, ಇದ್ದಾರೆ. ಅವರಲ್ಲಿ ಅನೇಕರು ಸ್ವತಃ ಅಂಗವೈಕಲ್ಯವುಳ್ಳವರಾದ್ದರಿಂದ ಯಾವ ಅರ್ಜಿ ಎಲ್ಲಿ ನಿಲ್ಲುತ್ತದೆ ಎಂಬುದು ಅವರಿಗೆ ಅನುಭವದಿಂದ ಗೊತ್ತು. 65 ದಾಟಿದ ಅರ್ಹರಿಗೆ ಸಂಧ್ಯಾ ಸುರಕ್ಷಾ ಯೋಜನೆಯಲ್ಲಿ ತಿಂಗಳಿಗೆ 1,200 ರೂಪಾಯಿ, ಅಂಗವೈಕಲ್ಯದ ಪ್ರಮಾಣಕ್ಕೆ ಅನುಗುಣವಾದ ಮಾಸಾಶನ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್‌ನಂಥ ಕೆಲವು ಸ್ಥಿತಿಗಳಲ್ಲಿ ಆರೈಕೆದಾರರಿಗೆ ಸಿಗುವ ಪ್ರೋತ್ಸಾಹಧನ, ಇವುಗಳ ಬಗ್ಗೆ ಮೊದಲು ಇವರನ್ನೇ ವಿಚಾರಿಸಬೇಕು. ಆಶಾ ಕಾರ್ಯಕರ್ತೆಯರಿಗೆ ತಾಯಿ ಮಗುವಿನ ಕೆಲಸವೇ ಹೊರೆಯಷ್ಟಿರುವುದರಿಂದ ಅವರಿಂದ ಹೆಚ್ಚಿನದನ್ನು ನಿರೀಕ್ಷಿಸದಿರುವುದು ಒಳ್ಳೆಯದು.

ಹಿರಿಯರ ರಾಷ್ಟ್ರೀಯ ಸಹಾಯವಾಣಿ 14567 ಬೆಳಗ್ಗೆ 8ರಿಂದ ರಾತ್ರಿ 8ರವರೆಗೆ ಮಾಹಿತಿ ಮತ್ತು ಮಾರ್ಗದರ್ಶನಕ್ಕಾಗಿ ಇದೆ, ಬಿದ್ದು ಪೆಟ್ಟಾದಾಗ ಕರೆಯಬೇಕಾದದ್ದು 108 ಅಥವಾ 112. ಬ್ಯಾಂಕಿನ ಕೆಲಸಕ್ಕಾಗಿ ಸ್ವಯಂಸೇವಕರ ಕೈಗೆ ಎಟಿಎಂ ಕಾರ್ಡು ಕೊಡುವ ಅಗತ್ಯವೇ ಇಲ್ಲ: 70 ದಾಟಿದವರಿಗೂ ಅಂಗವೈಕಲ್ಯವುಳ್ಳವರಿಗೂ ಮನೆಬಾಗಿಲಲ್ಲಿ ಸೇವೆ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2017ರ ನವೆಂಬರಿನಲ್ಲೇ ಬ್ಯಾಂಕುಗಳಿಗೆ ಸೂಚಿಸಿದೆ, ಅಂಚೆಯಣ್ಣನೂ ಮನೆಗೆ ಬಂದು ಜೀವನ ಪ್ರಮಾಣಪತ್ರ ಮಾಡಿಕೊಡುತ್ತಾನೆ. ಮಕ್ಕಳು ಅನುಕೂಲವಿದ್ದೂ ನೋಡಿಕೊಳ್ಳದ ಮನೆಗಳಿಗೆ 2007ರ ಹಿರಿಯ ನಾಗರಿಕರ ಕಾಯ್ದೆಯ ದಾರಿ ಇದೆ, ಅರ್ಜಿ ಸಲ್ಲುವುದು ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿಗೆ.

ಅಂಗವೈಕಲ್ಯವುಳ್ಳ ವಯಸ್ಕರ ವಿಷಯ ಬೇರೆ

ಹಿರಿಯರಿಗೆ ಹೊಂದುವ ಏರ್ಪಾಟನ್ನೇ ಇವರಿಗೂ ಹೊಂದಿಸಲು ಹೋಗುವುದು ಸಾಮಾನ್ಯವಾಗಿ ಕಾಣುವ ತಪ್ಪು. ನಲವತ್ತು ವರ್ಷದ ವ್ಯಕ್ತಿಯನ್ನು ‘ಮಗು’ ಎಂದು ಕರೆಯುತ್ತ ಮನೆಯಲ್ಲಿ ಟಿ.ವಿ. ಮುಂದೆ ಕೂರಿಸಿ ಕಾಯುವ ಸ್ವಯಂಸೇವಕರು ತಾಯಿಗೆ ಎರಡು ಗಂಟೆ ಬಿಡುವು ಕೊಡಬಹುದು, ಆ ವ್ಯಕ್ತಿಗೆ ಏನನ್ನೂ ಕೊಡುವುದಿಲ್ಲ. ಅವರಿಗೆ ಮನೆಯ ಹೊರಗಿನ ಆಯ್ಕೆಯೇ ಮೇಲು: ಹಗಲು ಆರೈಕೆ ಕೇಂದ್ರ, ವೃತ್ತಿ ತರಬೇತಿಯ ಘಟಕ, ಜೊತೆಯಲ್ಲಿ ಮಾರ್ಕೆಟ್ಟಿಗೋ ಯಕ್ಷಗಾನಕ್ಕೋ ಬರುವ ಓರಗೆಯ ಒಬ್ಬ ಗೆಳೆಯ. ಗೇರುತೋಟಗಳಿಗೆ ಎಂಡೋಸಲ್ಫಾನ್ ಸಿಂಪಡಿಸಿದ್ದರ ಪರಿಣಾಮವನ್ನು ಅನುಭವಿಸುತ್ತಿರುವ ಬೆಳ್ತಂಗಡಿ ತಾಲೂಕಿನ ಕೊಕ್ಕಡದಂಥ ಕಡೆ ಹಗಲು ಆರೈಕೆ ಕೇಂದ್ರಗಳು ಬಂದ ಮೇಲೆ ತಾಯಂದಿರಿಗೆ ಕೂಲಿಗೆ ಹೋಗುವ ದಾರಿಯೂ ತೆರೆಯಿತು. ಕೇಂದ್ರವನ್ನು ಆರಿಸುವಾಗ ಕಟ್ಟಡದ ಅಂದಕ್ಕಿಂತ ವಾಹನದ ವ್ಯವಸ್ಥೆಯನ್ನು ನೋಡಿ, 18 ದಾಟಿದ ಮೇಲೂ ಸೇರಿಸಿಕೊಳ್ಳುತ್ತಾರೆಯೇ ಎಂದು ಕೇಳಿ. ವಿಶೇಷ ಶಾಲೆಗಳು ಸಾಕಷ್ಟಿದ್ದರೂ ಆ ವಯಸ್ಸಿನ ನಂತರದ ವ್ಯವಸ್ಥೆ ವಿರಳ.

ಬೌದ್ಧಿಕ ಅಸಾಮರ್ಥ್ಯ, ಆಟಿಸಂ, ಸೆರೆಬ್ರಲ್ ಪಾಲ್ಸಿ, ಬಹುವಿಧ ಅಂಗವೈಕಲ್ಯ ಇರುವವರಿಗೆ 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ. 18 ತುಂಬಿದ ಮೇಲೆ ತಂದೆ ತಾಯಿ ತಾವಾಗಿಯೇ ಕಾನೂನಿನ ಪೋಷಕರಾಗಿ ಮುಂದುವರಿಯುವುದಿಲ್ಲವಾದ್ದರಿಂದ, ಅಗತ್ಯವಿದ್ದರೆ ಜಿಲ್ಲಾಧಿಕಾರಿಗಳ ನೇತೃತ್ವದ ಸ್ಥಳೀಯ ಮಟ್ಟದ ಸಮಿತಿಯಿಂದ ಪೋಷಕತ್ವದ ಆದೇಶ ಪಡೆಯಬೇಕು. ಈ ಮಾಹಿತಿ ಸಂಸ್ಥೆಗಳಿಗಿಂತ ಹೆಚ್ಚಾಗಿ ಸಿಗುವುದು ಇಂಥ ಮಕ್ಕಳ ತಂದೆ ತಾಯಂದಿರ ಕೂಟಗಳಲ್ಲಿ. ಆದುದರಿಂದ ಈ ಮನೆಗಳು ಬೇರೆ ಯಾವ ಸ್ವಯಂಸೇವೆಗಿಂತ ಮೊದಲು ಅಂಥ ಒಂದು ಕೂಟವನ್ನು ಹುಡುಕಿಕೊಳ್ಳಲಿ.

ಕೂಡಿಸಿ ನೋಡುವುದು

ಪರ್ಕಳದ ಕಡೆಯ ಒಂದು ಮನೆಯನ್ನು ಊಹಿಸಿಕೊಳ್ಳಿ. ಪಾರ್ಶ್ವವಾಯು ಆಗಿರುವ 78ರ ತಂದೆ, 70ರ ತಾಯಿ, ಬೌದ್ಧಿಕ ಅಸಾಮರ್ಥ್ಯವುಳ್ಳ 38ರ ಮಗ, ದುಬೈಯಲ್ಲಿ ಮಗಳು. ಇಲ್ಲಿ ಸೋಲುತ್ತಿರುವವರು ತಾಯಿ, ಅವರ ಕಷ್ಟದ ಹೊತ್ತು ಬೆಳಗ್ಗೆ ಏಳರಿಂದ ಹತ್ತು. ಮಗನನ್ನು ವಾಹನವಿರುವ ಹಗಲು ಕೇಂದ್ರಕ್ಕೆ ಸೇರಿಸಿದರೆ ಹಗಲಿನ ಭಾರ ಇಳಿಯುತ್ತದೆ. ತಂದೆಯ ಮೈ ಒರೆಸುವ ಎರಡು ಗಂಟೆಗೆ ಮಗಳು ಕಳುಹಿಸುವ ಹಣದಲ್ಲಿ ತರಬೇತಿ ಇರುವ ಒಬ್ಬರನ್ನು ಇಟ್ಟು, ಹದಿನೈದು ದಿನಕ್ಕೊಮ್ಮೆ ಪ್ಯಾಲಿಯೇಟಿವ್ ತಂಡದ ನರ್ಸ್ ಬರುವಂತೆ ಮಾಡಬಹುದು. ಗುರುವಾರ ಮಧ್ಯಾಹ್ನ ನೆರೆಕರೆಯ ಇಬ್ಬರು ಬಂದು ಕೂತರೆ ತಾಯಿ ಭಜನೆಗೋ ಸಂತೆಗೋ ಹೋಗಿ ಬರುತ್ತಾರೆ. ಪೋಷಕತ್ವದ ಅರ್ಜಿಯನ್ನು ವಿಆರ್‌ಡಬ್ಲ್ಯು ಮೂಲಕ ಮುಂದೂಡದೆ ಆರಂಭಿಸಬೇಕು. ಎಲ್ಲವನ್ನೂ ಒಂದೇ ಸಂಸ್ಥೆಯಿಂದ ಕೇಳಿದ್ದರೆ ಇದರಲ್ಲಿ ಯಾವುದೂ ಸರಿಯಾಗಿ ಆಗುತ್ತಿರಲಿಲ್ಲ.

ಯಾವ ಏರ್ಪಾಟನ್ನೇ ಆಗಲಿ ಮೊದಲು ಒಂದು ತಿಂಗಳಿಗೆಂದು ಹೇಳಿಯೇ ಆರಂಭಿಸುವುದು ಲೇಸು. ಹೊಂದದಿದ್ದರೆ ಇಬ್ಬರಿಗೂ ಮುಜುಗರವಿಲ್ಲದೆ ನಿಲ್ಲಿಸಬಹುದು. ಹೊಸಬರನ್ನು ಮೊದಲ ಎರಡು ಮೂರು ಸಲ ಮನೆಯವರ ಎದುರಿಗೇ ಬರಮಾಡಿಕೊಳ್ಳಿ, ಸಂಸ್ಥೆಯಿಂದ ಬಂದವರಾದರೆ ಗುರುತಿನ ಚೀಟಿಯನ್ನೂ ಕಳುಹಿಸಿದವರ ಹೆಸರನ್ನೂ ಬರೆದಿಟ್ಟುಕೊಳ್ಳಿ. ಸಾಮಾನು ತರಲು ಕೊಟ್ಟ ಹಣಕ್ಕೆ ಚೀಟಿ ಇರಲಿ, ಒಡವೆ, ಪಿನ್ ನಂಬರ್, ಆಸ್ತಿಯ ಪತ್ರ, ಸಹಿ ಇವುಗಳ ಹತ್ತಿರ ಸ್ವಯಂಸೇವಕರನ್ನು ತರುವುದೇ ಬೇಡ, ಅದು ಅವರ ರಕ್ಷಣೆಗೂ ಒಳ್ಳೆಯದು. ತಿಂಗಳು ಮುಗಿದಾಗ ನೆರವು ಪಡೆದವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಬೇರೆ ಬೇರೆಯಾಗಿ ಕೇಳಿ, ಏಕೆಂದರೆ ಒಬ್ಬರ ಎದುರು ಇನ್ನೊಬ್ಬರು ನಿಜ ಹೇಳುವುದಿಲ್ಲ. ಇಬ್ಬರ ಉತ್ತರವೂ ಬೇರೆಯಾದರೆ ಮೊದಲು ಸರಿಪಡಿಸಬೇಕಾದದ್ದು ಬರುವ ಹೊತ್ತನ್ನು, ಅದರಿಂದಲೂ ಆಗದಿದ್ದರೆ ಬರುವವರನ್ನು ಬದಲಾಯಿಸಿ.